ಪಕ್ಷದ ಕೃಪೆಯಿಂದ ಬೆಳೆದ ಅಧ್ಯಕ್ಷರೇ ಕೃಪೆಯ ನೌಕರಿಗೆ ಕಡಿವಾಣ ಹಾಕಿದ್ದೇಕೆ?

ಪ್ರಶ್ನೆ: ಅಮೆರಿಕದ 21ನೆಯ ಅಧ್ಯಕ್ಷ ಚೆಸ್ಟರ್ ಆರ್ಥರ್, ಗೆದ್ದ ಪಕ್ಷದವರಿಗೆ ಸರ್ಕಾರಿ ಹುದ್ದೆ ಹಂಚುವ ಪದ್ಧತಿಯಲ್ಲೇ ಮೇಲೆ ಬಂದವರು. ನೌಕರಿಗೆ ಪರೀಕ್ಷೆ ಬೇಕೆನ್ನುವ 1883ರ ಕಾನೂನಿಗೆ ಅವರೇ ಅಂಕಿತ ಹಾಕಿದರಂತೆ. ಇದು ಮನಃಪರಿವರ್ತನೆಯೋ, ರಾಜಕೀಯದ ಅನಿವಾರ್ಯತೆಯೋ?

ಉತ್ತರ: ಕಾನೂನು ಬಂದದ್ದು ಅನಿವಾರ್ಯತೆಯಿಂದ, ಬಂದ ಕಾನೂನನ್ನು ಆರ್ಥರ್ ಕಾಗದದ ಮೇಲೆಯೇ ಸಾಯಲು ಬಿಡಲಿಲ್ಲವೆಂಬುದು ಅವರ ಸ್ವಂತ ಪಾಲು. ಇವೆರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಅಧ್ಯಕ್ಷ ಗ್ರಾಂಟ್ 1871ರಲ್ಲಿ ಆರ್ಥರ್ ಅವರನ್ನು ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾಗಿ ನೇಮಿಸಿದರು. ಸುಮಾರು ಒಂದು ಸಾವಿರ ನೌಕರರಿದ್ದ ಆ ಕಚೇರಿ ಹೆಸರಿಗೆ ಸುಂಕದ ಕಟ್ಟೆ. ನಡೆಯುತ್ತಿದ್ದುದು ಸೆನೆಟರ್ ರಾಸ್ಕೋ ಕಾಂಕ್ಲಿಂಗ್ ಅವರ ರಿಪಬ್ಲಿಕನ್ ಬಣದ ಕಾರ್ಖಾನೆಯಂತೆ. ಬಣದ ಶಿಫಾರಸಿದ್ದವನಿಗೆ ಕೆಲಸ ಸಿಗುತ್ತಿತ್ತು, ಕೆಲಸ ಸಿಕ್ಕವನು ಸಂಬಳದಲ್ಲಿ ಒಂದು ಪಾಲನ್ನು ಚುನಾವಣೆಯ ಹೊತ್ತಿಗೆ ಪಕ್ಷಕ್ಕೆ ವಂತಿಗೆಯಾಗಿ ಕೊಡಬೇಕಿತ್ತು. ವಶಪಡಿಸಿಕೊಂಡ ಮಾಲು ಮತ್ತು ದಂಡದ ಹಣದಲ್ಲಿ ಅಧಿಕಾರಿಗೂ ಪಾಲಿದ್ದ ಕಾರಣ, 1874ರಲ್ಲಿ ಆ ಪದ್ಧತಿ ರದ್ದಾಗುವವರೆಗೆ ಆರ್ಥರ್ ಅವರ ಆದಾಯ ವರ್ಷಕ್ಕೆ ಸುಮಾರು 50,000 ಡಾಲರ್ ಆಗಿತ್ತು. ಅಧ್ಯಕ್ಷರ ಸಂಬಳಕ್ಕೆ ಅದು ಕಡಿಮೆಯೇನಲ್ಲ. ಆರ್ಥರ್ ಅವರನ್ನು ಅಧ್ಯಕ್ಷ ಹೇಯ್ಸ್ 1878ರಲ್ಲಿ ಹುದ್ದೆಯಿಂದ ತೆಗೆದರು. (ಇದೇ ಆರ್ಥರ್ ಯುವ ವಕೀಲರಾಗಿದ್ದಾಗ, ಟ್ರಾಮಿನಿಂದ ಹೊರದಬ್ಬಿಸಿಕೊಂಡ ಕಪ್ಪು ವರ್ಣದ ಶಿಕ್ಷಕಿ ಎಲಿಜಬೆತ್ ಜೆನ್ನಿಂಗ್ಸ್ ಪರವಾಗಿ ವಾದಿಸಿ 1855ರಲ್ಲಿ ಗೆದ್ದಿದ್ದರೆಂಬುದನ್ನೂ ಮರೆಯಬಾರದು.)

1880ರ ರಿಪಬ್ಲಿಕನ್ ಪಕ್ಷದ ಷಿಕಾಗೋ ಸಮಾವೇಶದಲ್ಲಿ 36ನೆಯ ಸುತ್ತಿನ ಮತದಾನದಲ್ಲಿ ಜೇಮ್ಸ್ ಗಾರ್ಫೀಲ್ಡ್ ಅಭ್ಯರ್ಥಿಯಾದಾಗ, ಸೋತ ಕಾಂಕ್ಲಿಂಗ್ ಬಣವನ್ನು ಸಮಾಧಾನಪಡಿಸಲು ಆರ್ಥರ್ ಅವರಿಗೆ ಉಪಾಧ್ಯಕ್ಷ ಸ್ಥಾನ ಕೊಡಲಾಯಿತು. 1881ರ ಜುಲೈ 2ರಂದು, ಹುದ್ದೆ ಸಿಗದೆ ಕೆರಳಿದ್ದ ಚಾರ್ಲ್ಸ್ ಗಿಟೋ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ, ಅಧ್ಯಕ್ಷರಾಗಿದ್ದ ಗಾರ್ಫೀಲ್ಡ್ ಮೇಲೆ ಗುಂಡು ಹಾರಿಸಿ, ತಾನು ಕಾಂಕ್ಲಿಂಗ್ ಬಣದವನೆಂದೂ ಇನ್ನು ಆರ್ಥರ್ ಅಧ್ಯಕ್ಷರಾಗುವರೆಂದೂ ಸಾರಿದ. ಆರ್ಥರ್ ಅವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿರಲಿಲ್ಲ. ಸೆಪ್ಟೆಂಬರ್ 19ರ ರಾತ್ರಿ ಗಾರ್ಫೀಲ್ಡ್ ತೀರಿಕೊಂಡರು. ನಡುರಾತ್ರಿ ಕಳೆದು ಎರಡು ಗಂಟೆಯ ಮೇಲೆ ಲೆಕ್ಸಿಂಗ್ಟನ್ ಅವೆನ್ಯೂವಿನ ತಮ್ಮ ಮನೆಯಲ್ಲೇ ಆರ್ಥರ್ ಪ್ರಮಾಣವಚನ ಸ್ವೀಕರಿಸಿದರು. ಹೆಂಡತಿ ನೆಲ್ ಅದರ ಹಿಂದಿನ ವರ್ಷವೇ ತೀರಿಹೋಗಿದ್ದರು.

ಕಾಂಕ್ಲಿಂಗ್ ಅವರ ಮೊದಲ ಬೇಡಿಕೆ, ಗಾರ್ಫೀಲ್ಡ್ ನೇಮಿಸಿದ್ದ ಸುಂಕಾಧಿಕಾರಿ ರಾಬರ್ಟ್‌ಸನ್ ಅವರನ್ನು ತೆಗೆಯಬೇಕೆಂಬುದು. ಆರ್ಥರ್ ಒಪ್ಪಲಿಲ್ಲ. ನನ್ನ ದೃಷ್ಟಿಯಲ್ಲಿ ಅವರು ಬದಲಾದರೆಂಬುದಕ್ಕೆ 1883ರ ಅಂಕಿತಕ್ಕಿಂತ ಈ ನಿರಾಕರಣೆಯೇ ಗಟ್ಟಿ ಸಾಕ್ಷಿ, ಏಕೆಂದರೆ ಇದನ್ನು ಅವರಿಂದ ಯಾವ ಚುನಾವಣೆಯೂ ಬಯಸಿರಲಿಲ್ಲ.

ಪರೀಕ್ಷೆಯ ಬಗ್ಗೆ ಅವರಿಗೆ ಅನುಮಾನವಿತ್ತು. 1881ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ, ಬರೀ ಪುಸ್ತಕದ ಜಾಣತನ ಅನುಭವವನ್ನು ಹಿಂದಿಕ್ಕಬಾರದೆಂಬ ಅಳುಕನ್ನು ತೋಡಿಕೊಂಡ ಅವರು, ಶಾಸನಸಭೆ ಕಾನೂನು ಮಾಡಿದರೆ ತಾವು ಬೆಂಬಲಿಸುವುದಾಗಿಯೂ ಹೇಳಿದ್ದರು. ಕಾಂಗ್ರೆಸ್ ಒಡನೆ ಏನೂ ಮಾಡಲಿಲ್ಲ. 1882ರ ನವೆಂಬರ್ ಚುನಾವಣೆಯಲ್ಲಿ ಮತದಾರರು ರಿಪಬ್ಲಿಕನ್ನರಿಗೆ ಪೆಟ್ಟು ಕೊಟ್ಟ ಮೇಲೆ ಮಾತ್ರ, ಮುಂದೆ ಅಧಿಕಾರ ಹೋದರೂ ತಮ್ಮವರ ಕೆಲಸ ಉಳಿಯಲೆಂಬ ಲೆಕ್ಕಾಚಾರವೂ ಸೇರಿ, ಡೆಮಾಕ್ರಟಿಕ್ ಸೆನೆಟರ್ ಜಾರ್ಜ್ ಪೆಂಡಲ್ಟನ್ ಅವರ ಮಸೂದೆ ಚುರುಕಾಗಿ ಪಾಸಾಯಿತು. ಆರ್ಥರ್ 1883ರ ಜನವರಿ 16ರಂದು ಅಂಕಿತ ಹಾಕಿದರು.

ಮೊದಲಿಗೆ ಅದು ತಟ್ಟಿದ್ದು ಒಕ್ಕೂಟದ ನೌಕರಿಗಳಲ್ಲಿ ಸುಮಾರು ಹತ್ತರಲ್ಲೊಂದಕ್ಕೆ. ಐವತ್ತಕ್ಕೆ ಕಡಿಮೆಯಿಲ್ಲದಷ್ಟು ನೌಕರರಿದ್ದ ಸುಂಕದ ಮತ್ತು ಅಂಚೆ ಕಚೇರಿಗಳು ಅದರೊಳಗೆ ಬಂದುದರಿಂದ, ಆರ್ಥರ್ ಆಳಿದ್ದ ಕಚೇರಿಯೂ ಅದಕ್ಕೆ ಒಳಪಟ್ಟಿತು. ವಂತಿಗೆ ಕೊಡದ ನೌಕರನನ್ನು ತೆಗೆಯುವುದು ನಿಷಿದ್ಧವಾಯಿತು. ಕಾನೂನನ್ನು ಜಾರಿಗೆ ತರಬೇಕಿದ್ದ ಆಯೋಗದ ಮುಖ್ಯಸ್ಥರಾಗಿ ಆರ್ಥರ್ ಆರಿಸಿದ್ದು ತಮ್ಮ ಹಳೆಯ ಗೆಳೆಯರನ್ನಲ್ಲ, ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದಿದ್ದ ಡಾರ್ಮನ್ ಈಟನ್ ಅವರನ್ನು. ಆದರೆ ಆರ್ಥರ್ ಅವರ ಎಲ್ಲ ನಿರ್ಧಾರಗಳೂ ಇಂಥವಲ್ಲ: ಚೀನೀ ಕೂಲಿಕಾರರ ವಲಸೆಯನ್ನು 20 ವರ್ಷ ತಡೆಯುವ ಮಸೂದೆಯನ್ನು ತಿರಸ್ಕರಿಸಿದವರು, 10 ವರ್ಷಕ್ಕೆ ಇಳಿಸಿದ್ದಕ್ಕೆ 1882ರ ಮೇ ತಿಂಗಳಲ್ಲಿ ಸಹಿ ಮಾಡಿದರು.

ಅವರ ಮನಸ್ಸಿನೊಳಗೆ ಏನಾಯಿತೆಂಬುದಕ್ಕೆ ಸಿಗುವ ಒಂದೇ ಸುಳಿವು ಜೂಲಿಯಾ ಸ್ಯಾಂಡ್ ಎಂಬ ಅಪರಿಚಿತ, ಕಾಯಿಲೆಯ ಹೆಂಗಸಿನದು. ಗಾರ್ಫೀಲ್ಡ್ ಇನ್ನೂ ಹಾಸಿಗೆ ಹಿಡಿದಿದ್ದಾಗಲೇ ಆಕೆ ಆರ್ಥರ್ ಅವರಿಗೆ ಬರೆದರು: ಜನ ಮರುಗುತ್ತಿರುವುದು ಅವರು ಸಾಯುತ್ತಾರೆಂಬುದಕ್ಕಿಂತ ಹೆಚ್ಚಾಗಿ, ನೀವು ಆ ಸ್ಥಾನಕ್ಕೆ ಬರುತ್ತೀರೆಂದು; ಇನ್ನಾದರೂ ಸುಧಾರಿಸಿ. ಈ ಮಾತಿಗೆ ಆರ್ಥರ್ ಸಿಟ್ಟಾಗಲಿಲ್ಲ. 1882ರ ಆಗಸ್ಟಿನ ಒಂದು ಸಂಜೆ, ಮುನ್ಸೂಚನೆಯಿಲ್ಲದೆ ಆಕೆಯ ಮನೆಗೆ ಹೋಗಿ ಸುಮಾರು ಒಂದು ಗಂಟೆ ಕುಳಿತು ಬಂದರು. ಮೂತ್ರಪಿಂಡದ ಕಾಯಿಲೆಯಿಂದ ನರಳಿ 1886ರ ನವೆಂಬರ್ 18ರಂದು ತೀರಿಕೊಳ್ಳುವ ಮುನ್ನ ಆರ್ಥರ್ ತಮ್ಮ ಕಾಗದಪತ್ರಗಳನ್ನು ಸುಡಿಸಿಬಿಟ್ಟರು. ಜೂಲಿಯಾ ಸ್ಯಾಂಡ್ ಬರೆದ 23 ಪತ್ರಗಳು ಬೆಂಕಿಗೆ ಬೀಳದೆ ಉಳಿದವು. ಅವು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.