ಪದ ಪರಿಚಯ: ಕಮ್ಯುನಿಟಿ ಫಿಟ್‌ನೆಸ್ ಆ್ಯಪ್

ಹೆಜ್ಜೆ ಎಣಿಸುವ, ಕ್ಯಾಲೊರಿ ಲೆಕ್ಕ ಇಡುವ, ವ್ಯಾಯಾಮದ ವಿಡಿಯೊ ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಅವನ್ನು ಒಬ್ಬರೇ ಬಳಸಿದರೂ ಕೆಲಸ ನಡೆಯುತ್ತದೆ. ಕಮ್ಯುನಿಟಿ ಫಿಟ್‌ನೆಸ್ ಆ್ಯಪ್ ಹಾಗಲ್ಲ. ಅಲ್ಲಿ ಬೇರೆಯವರು ಇಲ್ಲದಿದ್ದರೆ ನಿಮಗೆ ಸಿಗುವುದು ಬಹಳ ಕಡಿಮೆ. ನೀವು ಓಡಿದ್ದು, ಈಜಿದ್ದು, ಭಾರ ಎತ್ತಿದ್ದು ನಿಮ್ಮ ಗುಂಪಿಗೆ ಕಾಣುತ್ತದೆ. ಯಾರೋ ಮೆಚ್ಚುತ್ತಾರೆ, ಯಾರೋ ಸಲಹೆ ಕೊಡುತ್ತಾರೆ. ಒಂದು ವಾರ ಕಾಣಿಸದಿದ್ದರೆ "ಏನಾಯ್ತು, ಹುಷಾರಾಗಿದ್ದೀರಾ?" ಅಂತ ಕೇಳುತ್ತಾರೆ. ಹೀಗೆ ಕೇಳುವ ಜನ ಇದ್ದಾರಲ್ಲ, ಅವರೇ ಈ ವ್ಯವಹಾರದ ಅಸಲಿ ಸರಕು. ಸುಮ್ನೆ ಒಂದು ಚಾಟ್ ಬಟನ್ ಸೇರಿಸಿದ ಮಾತ್ರಕ್ಕೆ ಅವರು ಬಂದುಬಿಡುವುದಿಲ್ಲ.

ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ಇದಕ್ಕೆ ಒಳ್ಳೆಯ ಉದಾಹರಣೆ. 2009ರಲ್ಲಿ ಅದನ್ನು ಶುರು ಮಾಡಿದ ಮಾರ್ಕ್ ಗೇನಿ ಮತ್ತು ಮೈಕಲ್ ಹೋರ್ವಾತ್ ಹಾರ್ವರ್ಡ್‌ನಲ್ಲಿ ಓದುವಾಗ ಒಂದೇ ದೋಣಿ ತಂಡದಲ್ಲಿದ್ದವರು. ಓದು ಮುಗಿದ ಮೇಲೆ ತಂಡದ ಜೊತೆ ಅಭ್ಯಾಸ ಮಾಡುವ ಖುಷಿ ತಪ್ಪಿಹೋಯಿತು. ಅದನ್ನು ಆನ್‌ಲೈನ್‌ನಲ್ಲಿ ಮತ್ತೆ ಪಡೆಯಬಹುದಾ ಅನ್ನುವ ಯೋಚನೆಯೇ ಮುಂದೆ ಕಂಪನಿಯಾಯಿತು. ಶುರುವಿನಲ್ಲಿ ಅವರ ಗಮನವೆಲ್ಲ ಸೈಕಲ್ ಸವಾರರ ಮೇಲೆಯೇ ಇತ್ತು. ರಸ್ತೆಯ ಒಂದು ತುಣುಕನ್ನು 'ಸೆಗ್ಮೆಂಟ್' ಅಂತ ಗುರುತಿಸಿ, ಅಲ್ಲಿ ಸಾಗಿದ ಎಲ್ಲರ ಸಮಯವನ್ನೂ ಒಂದೇ ಪಟ್ಟಿಯಲ್ಲಿ ತೋರಿಸಿದರು. ಬೇರೆ ಬೇರೆ ದಿನ ಒಬ್ಬೊಬ್ಬರೇ ಹೋದವರಿಗೂ ಜೊತೆಗಾರರು ಸಿಕ್ಕ ಹಾಗಾಯಿತು.

ಜೊತೆಗಾರರಿಂದ ನಿಜವಾಗಿ ವ್ಯಾಯಾಮ ಜಾಸ್ತಿ ಆಗುತ್ತದಾ? ಸಂಶೋಧಕರಾದ ಸಿನಾನ್ ಅರಾಲ್ ಮತ್ತು ಕ್ರಿಸ್ಟೋಸ್ ನಿಕೊಲೈಡಿಸ್ ಇದನ್ನು ಅಳೆದು ನೋಡಿದ್ದಾರೆ. ಸುಮಾರು 11 ಲಕ್ಷ ಓಟಗಾರರ ಐದು ವರ್ಷದ ದಾಖಲೆಗಳನ್ನು ಪರಿಶೀಲಿಸಿ, 2017ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಓಡುವವರಿಗೆ ಓಡುವ ಗೆಳೆಯರೇ ಇರುತ್ತಾರೆ, ಅದರಲ್ಲೇನು ವಿಶೇಷ ಅನ್ನಬಹುದು. ಈ ಗೊಂದಲ ತಪ್ಪಿಸಲು ಅವರು ಹವಾಮಾನದ ಸಹಾಯ ಪಡೆದರು. ಗೆಳೆಯನ ಊರಿನಲ್ಲಿ ಮಳೆ, ನಿಮ್ಮ ಊರಿನಲ್ಲಿ ಬಿಸಿಲು. ಆ ಮಳೆಯಿಂದ ನಿಮ್ಮ ಓಟವೂ ಬದಲಾದರೆ ಅದು ಗೆಳೆಯನ ಪ್ರಭಾವವೇ, ಅಲ್ವಾ? ಗೆಳೆಯರು ಒಂದು ಕಿಲೋಮೀಟರ್ ಜಾಸ್ತಿ ಓಡಿದರೆ ನಾವೂ ಸುಮಾರು 300 ಮೀಟರ್ ಜಾಸ್ತಿ ಓಡುತ್ತೇವೆ ಅನ್ನುವುದು ಅವರು ಕಂಡುಕೊಂಡ ಲೆಕ್ಕ.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವಿದೆ. ಆ್ಯಪ್ ಕಟ್ಟುವವರಿಗೆ ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ. ಕಡಿಮೆ ಓಡುವವರು ಜಾಸ್ತಿ ಓಡುವವರನ್ನು ಹುರಿದುಂಬಿಸುತ್ತಾರೆ. ಚುರುಕಾಗಿರುವವರಿಂದ ಹಿಂದೆ ಇರುವವರಿಗೆ ಅಂಥ ಪ್ರಭಾವ ಕಾಣಲಿಲ್ಲ. ಹೊಸಬರು ಹತ್ತಿರ ಬರುತ್ತಿದ್ದಾರೆ ಅನ್ನಿಸಿದಾಗ ಮುಂದಿರುವವರು ಇನ್ನಷ್ಟು ಓಡುತ್ತಾರೆ ಅಂತ ಇದನ್ನು ಅರ್ಥ ಮಾಡಿಕೊಳ್ಳಬಹುದು. ಅಂದರೆ ಹೊಸಬರು ಬಿಟ್ಟುಹೋದರೆ ನಷ್ಟ ಅವರೊಬ್ಬರದೇ ಅಲ್ಲ. ಚೆನ್ನಾಗಿ ಓಡುವವರ ಉತ್ಸಾಹವೂ ನಿಧಾನವಾಗಿ ಇಳಿಯುತ್ತದೆ. ಆದರೂ ಬಹಳಷ್ಟು ಆ್ಯಪ್‌ಗಳು ಮೊದಲ ಪರದೆಯಲ್ಲೇ ಲೀಡರ್‌ಬೋರ್ಡ್, ಅಂದರೆ ಯಾರು ಎಷ್ಟು ಮುಂದಿದ್ದಾರೆ ಅನ್ನುವ ಪಟ್ಟಿ, ತೋರಿಸುತ್ತವೆ. ನಿನ್ನೆ ಸೇರಿದವರಿಗೆ ಅಲ್ಲಿ ಕಾಣುವುದು ಸಾವಿರಾರು ಜನರ ಕೆಳಗಿರುವ ತಮ್ಮ ಹೆಸರು. ಅದನ್ನು ನೋಡಿ ಎಷ್ಟು ಜನ ನಾಳೆ ಮತ್ತೆ ಬರುತ್ತಾರೆ?

ಪಾರ್ಕ್‌ರನ್ ಇದನ್ನು ಬೇರೆ ಥರ ನಿಭಾಯಿಸಿದೆ. ಅದು ಆ್ಯಪ್ ಅಲ್ಲ, ಪ್ರತಿ ಶನಿವಾರ ನಡೆಯುವ ಉಚಿತ 5 ಕಿಲೋಮೀಟರ್ ಓಟ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಪಾಲ್ ಸಿಂಟನ್-ಹ್ಯೂವಿಟ್ ಶುರು ಮಾಡಿದಾಗ ಓಡಿದವರು 13 ಜನ. ಈಗ 20ಕ್ಕೂ ಹೆಚ್ಚು ದೇಶಗಳಲ್ಲಿದೆ. ನಡೆಸುವವರು ಸ್ವಯಂಸೇವಕರು. ಅವರಲ್ಲಿ ಒಬ್ಬರ ಕೆಲಸ ಎಲ್ಲರಿಗಿಂತ ಹಿಂದೆ ನಡೆದು ಬರುವುದು. ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ಎಷ್ಟು ಒಳ್ಳೆಯ ಏರ್ಪಾಡು! ಆ್ಯಪ್ ಮಾಡುವವರು ಇದಕ್ಕೆ ಸಮನಾದದ್ದೊಂದನ್ನು ಯೋಚಿಸಲೇಬೇಕು. ಹೊಸಬರ ಮೊದಲ ಓಟಕ್ಕೆ ಯಾರಾದರೂ ಒಬ್ಬರು ಉತ್ತರಿಸುವಂತೆ ನೋಡಿಕೊಳ್ಳಬಹುದು. ಪಟ್ಟಿ ಬೇಕೇ ಬೇಕು ಅಂತಿದ್ದರೆ, ಅವರದೇ ಮಟ್ಟದ ಹತ್ತು ಹನ್ನೆರಡು ಜನರ ಪಟ್ಟಿ ಮಾಡಬಹುದು. ಇಲ್ಲವೇ ವೇಗ ಬಿಟ್ಟು, ವಾರಕ್ಕೆ ಎಷ್ಟು ದಿನ ಬಂದರು ಅಂತ ಮಾತ್ರ ಎಣಿಸಬಹುದು.

ಬೆಳೆಸುವ ಲೆಕ್ಕವೂ ಇಲ್ಲಿಂದಲೇ ಹುಟ್ಟುತ್ತದೆ. ಡೌನ್‌ಲೋಡ್ ಸಂಖ್ಯೆ ನೋಡಿ ಹಿಗ್ಗುವುದು ಸುಲಭ. ಆದರೆ ಲಕ್ಷ ಜನ ಅಲ್ಲಲ್ಲಿ ಚದುರಿದ್ದು ಯಾರಿಗೂ ಯಾರೂ ಗೊತ್ತಿಲ್ಲದಿದ್ದರೆ ಅಲ್ಲಿ ಕಮ್ಯುನಿಟಿ ಇಲ್ಲ. ಒಂದೇ ಆಸಕ್ತಿಯ ನೂರು ಜನ ದಿನಾ ಮಾತಾಡಿಕೊಳ್ಳುತ್ತಿದ್ದರೆ ಇದೆ. ಅದಕ್ಕೇ ಒಂದು ಸಣ್ಣ ಗುಂಪನ್ನು ಗಟ್ಟಿ ಮಾಡಿ, ಆಮೇಲೆ ಪಕ್ಕದ ಗುಂಪಿಗೆ ಹೋಗಬೇಕು. ಹೊಸದಾಗಿ ಅಮ್ಮಂದಿರಾದವರು, ಮೊದಲ ಮ್ಯಾರಥಾನ್‌ಗೆ ತಯಾರಾಗುವವರು, ಅರವತ್ತು ದಾಟಿದವರು, ಹೀಗೆ. ಒಂದೇ ತಿಂಗಳಲ್ಲಿ ಸೇರಿದವರನ್ನು ಒಟ್ಟಾಗಿ 'ಕೋಹಾರ್ಟ್' ಅನ್ನುತ್ತಾರೆ. ಅವರಲ್ಲಿ ಮೂರು ತಿಂಗಳಾದ ಮೇಲೂ ಉಳಿದವರ ಪಾಲು 'ರಿಟೆನ್ಷನ್', ಬಿಟ್ಟುಹೋದವರ ಪಾಲು 'ಚರ್ನ್'. ಹೊಸ ವರ್ಷದ ಹುರುಪಿನಲ್ಲಿ ಸೇರುವವರು ಬಹಳ. ಹಾಗಾಗಿ ಜನವರಿಯ ಕೋಹಾರ್ಟ್ ಅನ್ನು ಏಪ್ರಿಲ್‌ನಲ್ಲಿ ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ.

ಹಣ ಬರುವುದು ಬಹುಪಾಲು ಚಂದಾದಿಂದ. ಆ್ಯಪ್ ಸ್ಟೋರ್ ಮೂಲಕ ಬಂದ ಚಂದಾದಲ್ಲಿ ಆ್ಯಪಲ್ ಸಾಮಾನ್ಯವಾಗಿ ಮೊದಲ ವರ್ಷ ಶೇ 30, ನಂತರ ಶೇ 15 ಇಟ್ಟುಕೊಳ್ಳುತ್ತದೆ. ಜನ ವರ್ಷ ದಾಟಿ ಉಳಿದರೆ ಅಲ್ಲೂ ಲಾಭವೇ. ಯಾವುದಕ್ಕೆ ದುಡ್ಡು ಕೇಳಬೇಕು ಅನ್ನುವುದು ಕಷ್ಟದ ಪ್ರಶ್ನೆ. 2020ರ ಮೇನಲ್ಲಿ ಸ್ಟ್ರಾವಾ ಸೆಗ್ಮೆಂಟ್‌ಗಳ ಪೂರ್ತಿ ಪಟ್ಟಿಯನ್ನು ಚಂದಾದಾರರಿಗೆ ಮೀಸಲಿಟ್ಟಿತು. ಗೆಳೆಯರ ಓಟ ನೋಡುವುದು, ಮೆಚ್ಚುವುದು ಉಚಿತವಾಗಿಯೇ ಉಳಿಯಿತು. ಕೆಲವರಿಗೆ ಬೇಸರವಾಯಿತು, ಆದರೆ ಗೆರೆ ಎಳೆದ ಜಾಗ ಸರಿಯಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ವಿಶ್ಲೇಷಣೆಗೆ, ತರಬೇತಿ ಯೋಜನೆಗೆ ಬೆಲೆ ಇಡಬಹುದು. ಗುಂಪಿನೊಳಗೆ ಕಾಲಿಡುವುದಕ್ಕೇ ಬೆಲೆ ಇಟ್ಟರೆ ಮೊದಲು ಹೊರಗುಳಿಯುವವರು ಹೊಸಬರು.

ಬೇರೆಯವರ ಆ್ಯಪ್ ಕೊಂಡುಕೊಂಡು ಬೆಳೆಯುವ ದಾರಿಯೂ ಇದೆ, ಆದರೆ ಅಪಾಯದ್ದು. 2015ರಲ್ಲಿ ಕ್ರೀಡಾ ಉಡುಪು ಮಾರುವ ಅಂಡರ್ ಆರ್ಮರ್ ಕಂಪನಿ ಕ್ಯಾಲೊರಿ ಲೆಕ್ಕ ಇಡುವ ಮೈಫಿಟ್‌ನೆಸ್‌ಪಾಲ್‌ಗೆ 47.5 ಕೋಟಿ ಡಾಲರ್, ಓಟ ದಾಖಲಿಸುವ ಎಂಡೊಮಾಂಡೊಗೆ 8.5 ಕೋಟಿ ಡಾಲರ್ ಕೊಟ್ಟಿತು. 2020ರಲ್ಲಿ ಮೊದಲನೆಯದನ್ನು 34.5 ಕೋಟಿಗೆ ಮಾರಲು ಒಪ್ಪಿಕೊಂಡಿತು. ಎಂಡೊಮಾಂಡೊವನ್ನು ಆ ವರ್ಷದ ಕೊನೆಗೆ ಮುಚ್ಚಿತು. ಬಳಕೆದಾರರು ತಮ್ಮ ಓಟದ ದಾಖಲೆಗಳನ್ನು ಇಳಿಸಿಕೊಳ್ಳಬಹುದಿತ್ತು. ವರ್ಷಗಟ್ಟಲೆ ಅಲ್ಲಿ ಬೆಳೆದ ಪರಿಚಯಗಳಿಗೆ ಅಂಥ ಫೈಲ್ ಇರಲಿಲ್ಲ.