ಎಕ್ಸ್-ರೇ ಸರಿಯಿದೆ ಅಂದರೂ ಮಣಿಕಟ್ಟು ನೋಯುತ್ತಿದ್ದರೆ

"ಮಾರ್ಕರ್ ಪೆನ್ನಿನ ಮುಚ್ಚಳ ಎಳೆಯೋಕೆ ಆಗ್ತಿಲ್ಲ ಸರ್, ಪ್ರಾಣ ಹೋದಂಗಾಗುತ್ತೆ."

ವಿಡಿಯೋ ಕರೆಯಲ್ಲಿ ಹೀಗೆ ಮಾತು ಶುರು ಮಾಡಿದವರು ಗಣಿತದ ಮೇಷ್ಟ್ರು. ಹೊರದೇಶದ ಶಾಲೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮಳೆಯಲ್ಲಿ ಸೈಕಲ್ ತುಳಿದು ಹೋಗುವಾಗ ಮುಂದಿನ ಚಕ್ರ ಟ್ರಾಮ್ ಹಳಿಯ ಸಂದಿಗೆ ಸಿಕ್ಕಿಕೊಂಡಿತ್ತು. ಬೀಳುವಾಗ ಎಲ್ಲರೂ ಮಾಡುವಂತೆ ಅಂಗೈ ಊರಿದರು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು, ಮೂಳೆ ಮುರಿದಿಲ್ಲ, ಬರೀ ಉಳುಕು ಅಂತ ಕಳಿಸಿದರು. ಇವರು ಮೂರನೇ ದಿನವೇ ಕ್ಲಾಸಿಗೆ ಹೋದರು. ನನಗೆ ಕರೆ ಮಾಡುವ ಹೊತ್ತಿಗೆ ಮೂರು ವಾರ ಕಳೆದಿತ್ತು.

ನಾನು ಫಿಸಿಯೋಥೆರಪಿಸ್ಟ್. ಸೈಕಲ್ಲಿನಿಂದ ಬಿದ್ದವರನ್ನು ತುಂಬಾ ನೋಡಿದ್ದೇನೆ. ಮುಚ್ಚಳ ಎಳೆಯೋಕೆ, ಬೀಗದ ಕೈ ತಿರುಗಿಸೋಕೆ ನೋವು ಅಂದರೆ ನನಗೆ ಮೊದಲು ಬರುವ ಅನುಮಾನ ಒಂದೇ. "ಹೆಬ್ಬೆರಳು ಮೇಲಕ್ಕೆತ್ತಿ, ಹಿಂದಕ್ಕೆ ಚಾಚಿ" ಅಂದೆ. ಹಾಗೆ ಚಾಚಿದಾಗ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಒಂದು ಚಿಕ್ಕ ಗುಳಿ ಬೀಳುತ್ತದೆ. ಹಿಂದಿನವರು ನಶ್ಯ ಇಟ್ಟುಕೊಂಡು ಸೇದುತ್ತಿದ್ದ ಜಾಗ ಅದು, ಅದಕ್ಕೇ ವೈದ್ಯರು ಅದನ್ನು ಸ್ನಫ್ ಬಾಕ್ಸ್ ಅನ್ನುವುದು. ಇನ್ನೊಂದು ಕೈಯಿಂದ ಅಲ್ಲಿ ಒತ್ತಿ ಅಂದೆ. ಒತ್ತಿದ ತಕ್ಷಣ ಅವರ ಮುಖ ಕಿವುಚಿಹೋಯಿತು.

ಆ ಗುಳಿಯ ಕೆಳಗಿರುವುದು ಸ್ಕಾಫಾಯ್ಡ್ ಮೂಳೆ. ನೋಡಲು ಗೋಡಂಬಿಯಂತೆ ಇರುತ್ತದೆ. ಅಂಗೈ ಊರಿ ಬಿದ್ದಾಗ ಜಾಸ್ತಿ ಪೆಟ್ಟು ತಿನ್ನುವ ಮೂಳೆಗಳಲ್ಲಿ ಇದೂ ಒಂದು. ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಮೊದಲ ದಿನದ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹಾಗಾಗಿ ಅಲ್ಲಿ ಒತ್ತಿದರೆ ನೋವಿದ್ದವರಿಗೆ ಮಣಿಕಟ್ಟನ್ನು ಅಲುಗದಂತೆ ಕಟ್ಟಿ, 10ರಿಂದ 14 ದಿನದೊಳಗೆ ಮತ್ತೆ ಎಕ್ಸ್-ರೇ ತೆಗೆಯುತ್ತಾರೆ, ಇಲ್ಲವೇ ಬೇಗನೇ ಎಂಆರ್‌ಐ ಮಾಡಿಸುತ್ತಾರೆ. ಸುಮ್ನೆ ಬಿಟ್ಟರೆ ಏನಾಗುತ್ತೆ? ಈ ಮೂಳೆಗೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ಸಾಲದೆ ಮೂಳೆ ಕೂಡದೇ ಹೋಗಬಹುದು, ಆ ತುಂಡು ಸತ್ತೇ ಹೋಗಬಹುದು, ಮುಂದೆ ಇಡೀ ಮಣಿಕಟ್ಟೇ ಸವೆಯಬಹುದು.

"ನೋವು ಕಡಿಮೆ ಆಗದಿದ್ದಾಗ ಮತ್ತೆ ಯಾಕೆ ಹೋಗಲಿಲ್ಲ?" ಅಂದೆ. "ಪ್ರೊಬೇಷನ್ ಸರ್. ಬಂದು ಕೆಲವೇ ತಿಂಗಳು, ಪದೇ ಪದೇ ರಜೆ ಹೇಗೆ ಕೇಳೋದು? ಇಲ್ಲಿನ ಭಾಷೆಯೂ ಅಷ್ಟಾಗಿ ಬರಲ್ಲ."

ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಹೊರದೇಶದಲ್ಲಿ ಒಬ್ಬರೇ ಇರುವವರಿಗೆ ಪೆಟ್ಟಿಗಿಂತ ಈ ಹಿಂಜರಿಕೆಯೇ ಜಾಸ್ತಿ ಹಾನಿ ಮಾಡುತ್ತದೆ. ಎಲ್ಲಿ, ಏನು ಮಾಡುವಾಗ, ಎಷ್ಟು ದಿನದಿಂದ ನೋವು ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಬರೆದು, ಅಲ್ಲಿನ ಭಾಷೆ ಬರುವ ಸಹೋದ್ಯೋಗಿಯಿಂದ ಅನುವಾದ ಮಾಡಿಸಿಕೊಂಡು ಹೋಗಿ. ಎಕ್ಸ್-ರೇಯ ಪ್ರತಿ, ಡಿಸ್ಚಾರ್ಜ್ ಪತ್ರ ಎರಡನ್ನೂ ಕೇಳಿ ಪಡೆಯಿರಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿದ್ದಿದ್ದರೆ ಅದನ್ನು ಹೇಳಲೇಬೇಕು. ಜರ್ಮನಿ, ಜಪಾನ್‌ನಂಥ ದೇಶಗಳಲ್ಲಿ ಮನೆಯಿಂದ ಕೆಲಸಕ್ಕೆ ಹೋಗಿಬರುವಾಗ ಆದ ಅಪಘಾತಕ್ಕೂ ಉದ್ಯೋಗದ ಅಪಘಾತ ವಿಮೆ ಇದೆ.

ತಲೆಗೆ ಪೆಟ್ಟಾಗಿದ್ದರೆ ಮಾತ್ರ ಕಾಯಬೇಡಿ. ಪದೇ ಪದೇ ವಾಂತಿ, ಏರುತ್ತಾ ಹೋಗುವ ತಲೆನೋವು, ಮಂಪರು, ಗೊಂದಲ, ಇವುಗಳಲ್ಲಿ ಒಂದಿದ್ದರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನ್ ಸರಿಯಿದ್ದರೂ ಮೊದಲ ಎರಡು ದಿನ ಮೊಬೈಲು, ಲ್ಯಾಪ್‌ಟಾಪು ಆದಷ್ಟು ದೂರ ಇಡಿ. ಆಮೇಲೆ ಕ್ಲಾಸುಗಳನ್ನು ಒಂದೊಂದಾಗಿ ಹೆಚ್ಚಿಸಿಕೊಳ್ಳಿ. ಮಕ್ಕಳ ಗದ್ದಲ, ಪ್ರೊಜೆಕ್ಟರ್ ಬೆಳಕು ಎರಡೂ ಪೆಟ್ಟು ಬಿದ್ದ ತಲೆಗೆ ಭಾರವೇ.

ನಮ್ಮ ಮೇಷ್ಟ್ರಿಗೆ ಎಂಆರ್‌ಐಯಲ್ಲಿ ಬಿರುಕು ಕಂಡಿತು. ಪುಣ್ಯಕ್ಕೆ ತುಂಡುಗಳು ಸರಿದಿರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ಎಂಟು ವಾರ ಪ್ಲಾಸ್ಟರ್. ಅಷ್ಟೂ ದಿನ ಬೆರಳು, ಮೊಣಕೈ, ಭುಜ ಆಡಿಸುತ್ತಲೇ ಇರಿ, ಕೈ ಜೋತು ಬಿಡಬೇಡಿ ಅಂತ ಹೇಳಿದ್ದೆ. ಮೂಳೆ ಕೂಡಿದರೂ ಭುಜ ಬಿಗಿದುಕೊಂಡು ತಿಂಗಳುಗಟ್ಟಲೆ ನರಳುವವರಿದ್ದಾರೆ. ಬೋರ್ಡಿನ ಮೇಲೆ ಬರೆಯುವ ಕೆಲಸ ಮಕ್ಕಳೇ ಸರದಿಯಲ್ಲಿ ವಹಿಸಿಕೊಂಡರಂತೆ. ಇವರು ಪಕ್ಕದಲ್ಲಿ ನಿಂತು ಲೆಕ್ಕ ಹೇಳೋದು, ಒಬ್ಬರು ಬರೆಯೋದು. ಅದನ್ನು ಹೇಳುವಾಗ ಅವರ ದನಿಯಲ್ಲಿ ಹಳೆಯ ಹಿಂಜರಿಕೆ ಇರಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನವೇ "ಸೈಕಲ್ ಯಾವಾಗ?" ಅಂತ ಕೇಳಿದರು. ಮೂಳೆ ಕೂಡಿದೆ ಅಂತ ಅಲ್ಲಿನ ವೈದ್ಯರು ಸ್ಕ್ಯಾನ್ ನೋಡಿ ಹೇಳಬೇಕು. ಆಮೇಲೆ ಗೋಡೆಗೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟಾಗ ನೋಯಬಾರದು. ನಿಂತ ಸೈಕಲ್ಲಿನ ಬ್ರೇಕನ್ನು ಪೂರ್ತಿ ಹಿಡಿದು ಹತ್ತರವರೆಗೆ ಎಣಿಸುವಷ್ಟು ಹೊತ್ತು ಬಿಡದೆ ಇರಲು ಬರಬೇಕು. ಬಿದ್ದಾಗ ಹಾಕಿದ್ದ ಹೆಲ್ಮೆಟ್ ಮಾತ್ರ ಮತ್ತೆ ಬೇಡ, ಹೊರಗೆ ಸರಿಯಾಗಿ ಕಂಡರೂ ಒಳಗಿನ ಫೋಮ್ ಒಮ್ಮೆ ಜಜ್ಜಿದರೆ ಮುಗಿಯಿತು. ಇನ್ನು ಟ್ರಾಮ್ ಹಳಿ ದಾಟುವಾಗ ಓರೆಯಾಗಿ ಹೋಗದೆ ಆದಷ್ಟು ನೇರ ಅಡ್ಡಕ್ಕೆ ದಾಟಿ, ಮಳೆಯಿದ್ದರೆ ಇಳಿದು ತಳ್ಳಿಕೊಂಡು ಹೋಗಿ ಅಂದೆ. ಬ್ರೇಕಿನ ಪರೀಕ್ಷೆ ಅವರಿಗೆ ಒಲಿದದ್ದು ಇನ್ನೂ ಐದು ವಾರದ ಮೇಲೆ.