ಆಕಾಶದ ಕ್ರೀಡಾಕೂಟಕ್ಕೆ ಊರು ಸಿಗದ ಕಥೆ

ವರ್ಲ್ಡ್ ಏರ್ ಗೇಮ್ಸ್ ಅಂತ ಒಂದು ಕ್ರೀಡಾಕೂಟವಿದೆ. ಪ್ಯಾರಾಚೂಟ್, ಎಂಜಿನ್ ಇಲ್ಲದೆ ಹಾರುವ ವಿಮಾನ ಅಂದರೆ ಗ್ಲೈಡರ್, ಬಿಸಿಗಾಳಿ ಬಲೂನು, ಬಟ್ಟೆಯ ರೆಕ್ಕೆಗೆ ಜೋತು ಹಾರುವ ಪ್ಯಾರಾಗ್ಲೈಡಿಂಗ್, ವಿಮಾನದಲ್ಲಿ ಪಲ್ಟಿ ಹೊಡೆಯುವ ಏರೋಬ್ಯಾಟಿಕ್ಸ್, ಮಾಡೆಲ್ ವಿಮಾನ ಎಲ್ಲವೂ ಒಂದೇ ಕೂಟದಲ್ಲಿ. ನಾಲ್ಕು ವರ್ಷಕ್ಕೊಮ್ಮೆ ನಡೆಯಬೇಕು ಅನ್ನುವುದು ಮೊದಲಿನ ಆಸೆ. 1997ರಲ್ಲಿ ಟರ್ಕಿ, 2001ರಲ್ಲಿ ಸ್ಪೇನಿನ ಆಂದಲೂಸಿಯಾ. ಮುಂದಿನದು ನಡೆದದ್ದು 2009ರಲ್ಲಿ, ಇಟಲಿಯ ಟೂರಿನ್‌ನಲ್ಲಿ. ಆಮೇಲೆ 2015ರ ಡಿಸೆಂಬರಿನಲ್ಲಿ ದುಬೈ. 2020ಕ್ಕೆ ಮತ್ತೆ ಟರ್ಕಿ ಅಂತ ನಿಗದಿಯಾಗಿತ್ತು, ಅದು ನಡೆಯಲೇ ಇಲ್ಲ. ಇಷ್ಟು ಚೆಂದದ ಕೂಟಕ್ಕೆ ಊರು ಸಿಗುವುದು ಯಾಕೆ ಇಷ್ಟು ಕಷ್ಟ?

ಹಾರಾಟದ ಆಟಗಳು ಹೊಸವೇನಲ್ಲ. 1900ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಜೊತೆಗೇ ಬಲೂನ್ ಸ್ಪರ್ಧೆಗಳೂ ನಡೆದವು. ಹೆನ್ರಿ ದ ಲಾ ವಾಲ್ ಅನ್ನುವವರು ಅಲ್ಲಿಂದ ಬಲೂನಿನಲ್ಲಿ ಹೊರಟು ಸುಮಾರು 36 ಗಂಟೆ ಹಾರಿ, 1,925 ಕಿಲೋಮೀಟರ್ ದೂರದಲ್ಲಿ, ಈಗಿನ ಉಕ್ರೇನಿನ ನೆಲದಲ್ಲಿ ಇಳಿದರು. 1905ರಲ್ಲಿ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ, ಅಂದರೆ ಎಫ್‌ಎಐ, ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಅವರೂ ಇದ್ದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗ್ಲೈಡಿಂಗ್ ಪ್ರದರ್ಶನ ಕ್ರೀಡೆಯಾಗಿತ್ತು. 1940ಕ್ಕೆ ಪದಕದ ಆಟವೇ ಆಗಬೇಕಿತ್ತು. ಎಲ್ಲರೂ ಒಂದೇ ಮಾದರಿಯ ಗ್ಲೈಡರ್ ಹಾರಿಸಲಿ ಅಂತ ‘ಮೈಸೆ’ ಅನ್ನುವ ವಿಮಾನವನ್ನೂ ಆರಿಸಿದ್ದರು. ಯುದ್ಧ ಬಂತು, ಎಲ್ಲ ನಿಂತಿತು. ಒಲಿಂಪಿಕ್ಸ್ ಬಾಗಿಲು ಮತ್ತೆ ತೆರೆಯಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಎಫ್‌ಎಐ ತನ್ನದೇ ಕೂಟ ಶುರು ಮಾಡಿತು.

ನಿಜವಾದ ಕಷ್ಟ ಇರುವುದು ಗಾಳಿಯಲ್ಲಿ. ಬಲೂನಿನವರ ದಿನ ನೋಡಿ. ಸೂರ್ಯ ಹುಟ್ಟುವ ಮೊದಲೇ ಮೈದಾನಕ್ಕೆ ಬರುತ್ತಾರೆ. ಮಕ್ಕಳ ಬಲೂನಿನಂಥ ಒಂದು ಪುಟ್ಟ ಬಲೂನಿಗೆ ಗ್ಯಾಸ್ ತುಂಬಿ ಬಿಟ್ಟು, ಕತ್ತೆತ್ತಿ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಇಷ್ಟು ಎತ್ತರದಲ್ಲಿ ಎಡಕ್ಕೆ ತಿರುಗಿತು, ಇನ್ನೂ ಮೇಲೆ ಬಲಕ್ಕೆ ಹೋಯಿತು. ಬಲೂನಿಗೆ ಸ್ಟೀರಿಂಗ್ ಇಲ್ಲ ಅಲ್ವಾ, ಬೇಕಾದ ಗಾಳಿ ಸಿಗುವ ಎತ್ತರಕ್ಕೆ ಏರಬೇಕು ಇಲ್ಲವೇ ಇಳಿಯಬೇಕು. ಹಾಗೇ ತೇಲಿಕೊಂಡು ಹೋಗಿ, ನೆಲದ ಮೇಲೆ ಹಾಸಿದ ದೊಡ್ಡ ಎಕ್ಸ್ ಗುರುತಿನ ಹತ್ತಿರಕ್ಕೆ ಬಾಲವಿರುವ ಮರಳಿನ ಪುಟ್ಟ ಚೀಲ ಎಸೆಯಬೇಕು. ಯಾರ ಚೀಲ ಹತ್ತಿರವೋ ಅವರಿಗೆ ಜಾಸ್ತಿ ಅಂಕ. ಬಿಸಿಲು ಏರಿತೆಂದರೆ ಗಾಳಿ ಕದಡುತ್ತದೆ, ಅವರ ಆಟ ಮುಗಿಯಿತು.

ಗ್ಲೈಡರಿನವರಿಗೆ ಬೇಕಾದದ್ದೇ ಆ ಕದಡಿದ ಗಾಳಿ. ಮಧ್ಯಾಹ್ನ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತದಲ್ಲ, ಅದೇ ಬಿಸಿಗಾಳಿ ಹಿಡಿದು ಇವರೂ ಏರುತ್ತಾರೆ. ಪ್ಯಾರಾಗ್ಲೈಡರ್‌ಗೆ ಗುಡ್ಡ ಬೇಕು. ಏರೋಬ್ಯಾಟಿಕ್ಸ್‌ಗೆ ಉದ್ದ, ಅಗಲ, ಎತ್ತರ ಒಂದೊಂದು ಕಿಲೋಮೀಟರಿನ ಖಾಲಿ ಆಕಾಶ ಬೇಕು. ಪ್ಯಾರಾಚೂಟಿನ ನಿಖರ ಇಳಿತದಲ್ಲಿ ಎರಡು ಸೆಂಟಿಮೀಟರ್ ಅಗಲದ ಚುಕ್ಕೆಯ ಮೇಲೆ ಹಿಮ್ಮಡಿ ಊರಬೇಕು, ಸ್ವಲ್ಪ ಜೋರು ಗಾಳಿ ಬೀಸಿದರೂ ಕಾಯಬೇಕು. ಇದೆಲ್ಲ ಒಂದೆರಡು ವಾರದೊಳಗೆ ಆಗಬೇಕು. ಅಷ್ಟು ದಿನ ಪ್ರಯಾಣಿಕ ವಿಮಾನಗಳಿಗೆ ಬೇರೆ ದಾರಿ ತೋರಿಸಬೇಕು. ಒಪ್ಪುವ ಸರ್ಕಾರಗಳು ಕಡಿಮೆ.

ಇನ್ನೊಂದು ತೊಡಕಿದೆ. ಈ ಪ್ರತಿ ಆಟಕ್ಕೂ ತನ್ನದೇ ವಿಶ್ವ ಚಾಂಪಿಯನ್‌ಶಿಪ್ ಇದೆ. ಉದ್ದನೆಯ ಟ್ರೈಲರಿನಲ್ಲಿ ಗ್ಲೈಡರ್ ಬಿಚ್ಚಿಟ್ಟು ದೇಶ ದಾಟುವವರಿಗೆ ಇನ್ನೊಂದು ಕೂಟ ಅಂದರೆ ಇನ್ನೊಂದು ಖರ್ಚು. ಜನ ನೋಡುವಂತಿರಲಿ ಅಂತ ಎಲ್ಲವನ್ನೂ ನಗರದ ಹತ್ತಿರ ತಂದರೆ, ದೂರ ಹಾರುವ ಆಟಗಳು ಸೊರಗುತ್ತವೆ. ಗ್ಲೈಡರ್ ನೂರಾರು ಕಿಲೋಮೀಟರ್ ಹೋಗಿಬಿಟ್ಟರೆ ಗ್ಯಾಲರಿಯಲ್ಲಿ ಕೂತವರು ನೋಡುವುದೇನನ್ನು?

ದುಡ್ಡಿರುವ ನಗರಕ್ಕಿಂತ ಕ್ಲಬ್ಬುಗಳು ಬೇರುಬಿಟ್ಟ ಊರೇ ಇದಕ್ಕೆ ಸರಿ ಅಂತ ನನಗೆ ಅನಿಸುತ್ತದೆ. ಮೊದಲ ಕೂಟ ಟರ್ಕಿಯಲ್ಲಿ ನಡೆದದ್ದು ಸುಮ್ನೆ ಅಲ್ಲ. ಅಲ್ಲಿನ ವಾಯುಯಾನ ಸಂಘ 1925ರಿಂದಲೂ ಇದೆ.

ನಮ್ಮಲ್ಲಿ 2022ರಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿ ಬಂತು. ಅದರಲ್ಲಿ 11 ಆಟಗಳಿವೆ, 2030ಕ್ಕೆ ಭಾರತ ಮುಂಚೂಣಿಯಲ್ಲಿರಬೇಕು ಎಂಬ ಗುರಿಯಿದೆ. ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ 2015ರಲ್ಲೇ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದಿತ್ತು. ಅಲ್ಲಿ ಗುಡ್ಡವಿದೆ, ಗಾಳಿಯಿದೆ, ಹಾರುವ ಜನರಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲೂ ಹಳೆಯ ವಿಮಾನ ತರಬೇತಿ ಶಾಲೆ ಇದೆ. ಆದರೆ ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ, ಅದರಾಚೆ ಕೆಂಪೇಗೌಡ ವಿಮಾನ ನಿಲ್ದಾಣ. ಅಲ್ಲಿ ಬೆಳಗಿನ ಹೊತ್ತು ಎರಡು ತಾಸು ಆಕಾಶ ಬಿಟ್ಟುಕೊಡಿ ಅಂತ ಕೇಳುವುದಾದರೂ ಹೇಗೆ?